ಅರ್ಧ ತುಂಬಿಸಿದ ಮೇಲೆ ಗೊತ್ತಾಯ್ತು, ಟ್ಯಾಂಕು ಓರೆ! 6 ಅಡಿ ಮೀನಿನ ಟ್ಯಾಂಕು, ಕಾವಿ ನೆಲ, ತೀರ್ಥಹಳ್ಳಿ ಕಡೆ

ಜಗಲಿಮೀನು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಶಿವಮೊಗ್ಗದಲ್ಲಿ ಒಬ್ಬರು ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೊರಟಿದ್ದರು, ಅವರ ಟ್ಯಾಂಕು, ಸ್ಟ್ಯಾಂಡು ಎರಡೂ ಕಡಿಮೆ ದುಡ್ಡಿಗೆ ಸಿಕ್ಕಿತು. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಗಾಜು 12 ಮಿ.ಮೀ. ಸ್ಟ್ಯಾಂಡು ಒಂದೂವರೆ ಇಂಚಿನ ಚೌಕ ಪೈಪಿನದು, ಮೂಲೆಗೆ ನಾಲ್ಕು ಕಾಲು, ಮಧ್ಯ ಎರಡು. ಪಿಕಪ್‌ನಲ್ಲಿ ಹಾಕಿಕೊಂಡು ಮಂಡಗದ್ದೆ ಮೇಲೆ ನಿಧಾನಕ್ಕೆ ತಂದೆವು, ದಾರಿಯುದ್ದಕ್ಕೂ ನಾನು ಹಿಂದೆ ಕೂತು ಗಾಜು ಹಿಡಿದುಕೊಂಡಿದ್ದೆ.

ಮನೆ ಅಜ್ಜನ ಕಾಲದ್ದು. ಜಂಬಿಟ್ಟಿಗೆ ಗೋಡೆ, ಜಗಲಿಗೆ ಕಾವಿ ನೆಲ. ಟ್ಯಾಂಕು ಇಟ್ಟಿದ್ದು ಜಗಲಿಯ ಒಳಗೋಡೆಗೆ ಒತ್ತಿ. ಸ್ಟ್ಯಾಂಡಿನ ಮೇಲೆ ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್, ಅದರ ಮೇಲೆ ಟ್ಯಾಂಕು. ಇಡುವಾಗ ಸ್ಟ್ಯಾಂಡು ಸ್ವಲ್ಪ ಕುಂಟುತ್ತಿತ್ತು, ನಿಜ. ತೂಕ ಬಿದ್ದರೆ ಕೂರುತ್ತದೆ ಬಿಡು ಅಂದರು ಎಲ್ಲರೂ. ನಿನ್ನೆ ಅರ್ಧ ನೀರು ತುಂಬಿಸಿದೆ. ದೂರದಿಂದ ನೋಡಿದರೇ ಓರೆ ಕಾಣುತ್ತಿದೆ! ಟೇಪು ಹಿಡಿದೆ. ಎಡಗಡೆ ಮೇಲಿನ ಅಂಚಿನಿಂದ ನೀರಿಗೆ 292 ಮಿ.ಮೀ., ಬಲಗಡೆ 281. ಅಂದರೆ ಬಲಗಡೆ 11 ಮಿ.ಮೀ. ತಗ್ಗು.

ಈಗ ಮನೆಯಲ್ಲಿ ಎರಡು ಪಕ್ಷ. ಭಾವ ಹೇಳುತ್ತಾರೆ, ಬಲಗಡೆ ಕಾಲಿಗೆ ಅಡಿಕೆ ದಬ್ಬೆಯ ಬೆಣೆ ಹೊಡೆದು ಎತ್ತಿದರೆ ಮುಗಿಯಿತು, ನೀರು ತೆಗೆಯುವುದೇ ಬೇಡ ಅಂತ. ಪಕ್ಕದ ಮನೆಯ ಹುಡುಗ ಹೇಳುತ್ತಾನೆ, ಬಲಗಡೆ ಟ್ಯಾಂಕಿನ ಅಡಿಗೆ ಇನ್ನೊಂದು ಥರ್ಮಾಕೋಲ್ ಚೂರು ತುರುಕಿ ಅಂತ. ಅಮ್ಮನದು ಮೂರನೇ ಪಕ್ಷ: ಇಷ್ಟು ಭಾರಕ್ಕೆ ನೆಲ ಕುಸಿದರೆ ಏನು ಗತಿ? ಮೀನು ಇನ್ನೂ ಬಿಟ್ಟಿಲ್ಲ. ಮೂರು ಆಸ್ಕರ್ ಮರಿಗಳು ಚಿಕ್ಕ ಟ್ಯಾಂಕಿನಲ್ಲಿ ಕಾಯುತ್ತಿವೆ. ಎಂತ ಮಾಡುವುದು ಹೇಳಿ.

ಸೀಗಡಿ_ಸಾಗರ

ಮೊದಲು ನೀರು ತೆಗೆಯಿರಿ ಮಾರಾಯ್ರೆ. ಓದುವುದು ಆಮೇಲೆ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ ಅಂತ ಗೊತ್ತು, ಆದರೂ ಪೈಪು ಅಂಗಳಕ್ಕೆ ಬಿಡಿ. ಬೆಣೆ ಹೊಡೆಯುವ ಯೋಚನೆ ಭಾವನ ತಲೆಯಿಂದ ತೆಗೆದುಹಾಕಿ. ತುಂಬಿದ ಟ್ಯಾಂಕಿನ ಒಂದು ಕಾಲಿಗೆ ಸುತ್ತಿಗೆಯಲ್ಲಿ ಹೊಡೆದು ಎತ್ತುವುದು ಅಂದರೆ ಒಂದೇ ಮೂಲೆಗೆ ಪೂರ್ತಿ ಭಾರ ಹಾಕಿದ ಹಾಗೆ. ಗಾಜು ಬಾಗುವುದಿಲ್ಲ, ಒಡೆಯುತ್ತದೆ.

ತುಂಗಾಪಾನ

ಸುಮ್ನೆ ಹೆದರಿಸಬೇಡಿ. ನಾನು ನಾಲ್ಕು ವರ್ಷದಿಂದ 3 ಅಡಿ ಟ್ಯಾಂಕಿಗೆ ಒಂದು ಕಡೆ ಎರಡು ಪದರ ಥರ್ಮಾಕೋಲ್ ಹಾಕಿ ಇಟ್ಟಿದ್ದೇನೆ, ಏನೂ ಆಗಿಲ್ಲ. ಶಿವಮೊಗ್ಗದ ಅಂಗಡಿಯವರೂ ಹೀಗೇ ಇಡಿ ಎನ್ನುತ್ತಾರೆ. ಮೀನಿಗೆ ಓರೆ ಸಾರೆ ಎಂತದು?

ರಸಮಟ್ಟ

ತುಂಗಾಪಾನ ಅವರೇ, 3 ಅಡಿ ಟ್ಯಾಂಕು ಬೇರೆ, ಇದು ಬೇರೆ. ನಿಮ್ಮದರಲ್ಲಿ ನೂರು ಲೀಟರ್ ಆಸುಪಾಸು ನೀರಿರಬಹುದು. ಇವರದು ಅಂಚಿನಿಂದ ಒಂದೆರಡು ಇಂಚು ಬಿಟ್ಟು ತುಂಬಿದರೂ 570 ಲೀಟರ್ ಹತ್ತಿರ. ನಾನು ಶಿವಮೊಗ್ಗದಲ್ಲಿ ಕಟ್ಟಡದ ಕೆಲಸದಲ್ಲಿ ಇರುವವನು, ಮೀನು ಸಾಕುವುದು ರಾತ್ರಿ ಪಾಳಿ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತೂಕ. ನೀರು ಲೀಟರಿಗೆ ಒಂದು ಕೆಜಿ, ಅಲ್ಲಿಗೆ 570. ಗಾಜು ಒಂದು ಚದರ ಮೀಟರಿಗೆ ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ನಿಮ್ಮ ಟ್ಯಾಂಕಿಗೆ ನಾಲ್ಕು ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಗಾಜು ಬೇಕು, ಅದು 120 ಕೆಜಿ. ಮರಳು, ಕಲ್ಲು ಸೇರಿ ನೂರು ಅಂತ ಇಟ್ಟುಕೊಳ್ಳಿ. ಸ್ಟ್ಯಾಂಡು, ಪ್ಲೈವುಡ್ಡು ಒಂದು 80. ಒಟ್ಟು 850ರಿಂದ 900 ಕೆಜಿ. ಒಂದು ಎಮ್ಮೆ ಇದಕ್ಕಿಂತ ಹಗುರ!

ಅಮ್ಮನ ಪ್ರಶ್ನೆಗೆ ಉತ್ತರ: ನೆಲಮಾಳಿಗೆ ಇಲ್ಲದ, ಮಣ್ಣು ತುಂಬಿ ಗಟ್ಟಿ ಮಾಡಿದ ನೆಲಕ್ಕೆ ಈ ತೂಕ ದೊಡ್ಡದಲ್ಲ. 12 ಚದರ ಅಡಿಗೆ ಹಂಚಿದರೆ ಒಂದು ಚದರ ಸೆಂಟಿಮೀಟರಿಗೆ 100 ಗ್ರಾಮ್ ಕೂಡ ಬರುವುದಿಲ್ಲ. ನೀವು ಒಂಟಿ ಕಾಲಲ್ಲಿ ನಿಂತರೆ ನೆಲಕ್ಕೆ ಇದರ ಐದಾರು ಪಟ್ಟು ಒತ್ತಡ ಬೀಳುತ್ತದೆ. ಆದರೆ ನಿಮ್ಮ ಸ್ಟ್ಯಾಂಡು ತೂಕವನ್ನು ಹಂಚುತ್ತಿಲ್ಲ, ಅಲ್ವಾ? ಆರು ಕಾಲಿನ ಮೇಲೆ ನಿಂತಿದೆ. ಕಾಲಿಗೆ 150 ಕೆಜಿ, ಅದೂ ಆರೂ ಕಾಲು ಸಮನಾಗಿ ಊರಿದ್ದರೆ. ಒಂದು ಕುಂಟಿದರೆ ಅದರ ಪಾಲು ಉಳಿದವಕ್ಕೆ. ಒಂದೂವರೆ ಇಂಚಿನ ಪೈಪಿನ ತುದಿ ನೇರ ಕಾವಿ ನೆಲದ ಮೇಲೆ ಕೂತರೆ ನೆಲಕ್ಕೆ ಕಲೆ ಅಲ್ಲ, ಕುಳಿ ಬೀಳುತ್ತದೆ.

ಇನ್ನು ಓರೆ. ಇಲ್ಲಿ ಎಲ್ಲರೂ ಎರಡು ವಿಷಯ ಕಲಸುತ್ತಿದ್ದಾರೆ. ವಾಟ, ಅಂದರೆ ಇಳಿಜಾರು ಬೇರೆ, ತಿರುಚು ಬೇರೆ. ಟ್ಯಾಂಕು ಇಡಿಯಾಗಿ ಒಂದು ಕಡೆ ವಾಲಿದ್ದರೆ, ತಗ್ಗಿದ ತುದಿಯಲ್ಲಿ ನೀರು 11 ಮಿ.ಮೀ. ಜಾಸ್ತಿ ಆಳ. ಪೂರ್ತಿ ತುಂಬಿದಾಗ 55 ಸೆಂ.ಮೀ. ಆಳಕ್ಕೆ ಅದು ನೂರಕ್ಕೆ ಎರಡು ಪಾಲು. ಬರೀ ಅಷ್ಟಕ್ಕೆ 12 ಮಿ.ಮೀ. ಗಾಜು ಒಡೆಯುವುದಿಲ್ಲ. ನೋಡಲು ಕೆಟ್ಟದಾಗಿರುತ್ತದೆ, ಅಷ್ಟೇ. ನಮ್ಮ ಕಡೆ ಹಳೇ ಜಗಲಿಗಳಿಗೆ ತೊಳೆದ ನೀರು ಹೊರಗೆ ಹರಿಯಲಿ ಅಂತ ವಾಟ ಕೊಟ್ಟೇ ಇರುತ್ತಾರೆ, ಅದು ದೋಷವೂ ಅಲ್ಲ.

ನನಗೆ ಹೆದರಿಕೆ ಆಗಿದ್ದು ನೀವು ನಡುವೆ ಹಾರಿಸಿ ಹೇಳಿದ ಮಾತಿಗೆ. ಸ್ಟ್ಯಾಂಡು ಕುಂಟುತ್ತಿತ್ತು ಅಂದಿರಿ. ಖಾಲಿ ಇದ್ದಾಗ ಎದ್ದು ನಿಂತಿದ್ದ ಕಾಲು ತೂಕ ಬಿದ್ದಾಗ ನೆಲಕ್ಕೆ ಕೂರುತ್ತದೆ, ಎಲ್ಲರೂ ಹೇಳಿದ್ದು ಸರಿಯೇ. ಆದರೆ ಕೂರುವಾಗ ಸ್ಟ್ಯಾಂಡಿನ ಚೌಕಟ್ಟನ್ನು ತಿರುಚಿಕೊಂಡು ಕೂರುತ್ತದೆ. ಬಟ್ಟೆ ಹಿಂಡಿದ ಹಾಗೆ. ಕಬ್ಬಿಣ ಸಹಿಸಿಕೊಳ್ಳುತ್ತದೆ. ಮೇಲಿರುವ ಗಾಜಿನ ಪೆಟ್ಟಿಗೆಗೆ ಆ ಗುಣ ಇಲ್ಲ. ತಳದ ಗಾಜು ಮೂಲೆಯಿಂದ ಸೀಳಬಹುದು, ಇಲ್ಲವೇ ಮೂಲೆಯ ಸಿಲಿಕೋನ್ ನಿಧಾನಕ್ಕೆ ಬಿಡಬಹುದು. ತುಂಬಿದ ದಿನ ಏನೂ ಆಗುವುದಿಲ್ಲ, ಅದೇ ಮೋಸ. ಮುಂದಿನ ಗಾಜೊಂದರ ಮೇಲೇ ನೀರು ಸುಮಾರು 300 ಕೆಜಿ ಬಲದಲ್ಲಿ ಹಗಲು ರಾತ್ರಿ ಹೊರಕ್ಕೆ ತಳ್ಳುತ್ತಿರುತ್ತದೆ, ಅದರ ಜೊತೆಗೆ ಈ ತಿರುಚೂ ಸೇರಬೇಕೇ?

ಹಾಗಾಗಿ ನೀರು ತೆಗೆದು, ಟ್ಯಾಂಕು ಇಳಿಸಿ, ಮೂರು ಪರೀಕ್ಷೆ ಮಾಡಿ ಇಲ್ಲಿ ಬರೆಯಿರಿ. ಸ್ಟ್ಯಾಂಡಿನ ಮೇಲೆ ಮೂಲೆಯಿಂದ ಮೂಲೆಗೆ ಎರಡು ದಾರ ಅಡ್ಡಡ್ಡ ಬಿಗಿಯಾಗಿ ಎಳೆಯಿರಿ, ಮೀನು ಹಿಡಿಯುವ ನೈಲಾನ್ ದಾರ ಒಳ್ಳೆಯದು. ಮಧ್ಯದಲ್ಲಿ ಎರಡೂ ಸುಮ್ನೆ ತಾಗಿಕೊಂಡು ಹೋಗಬೇಕು. ಸಂದು ಇದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತಿದರೆ, ಚೌಕಟ್ಟು ತಿರುಚಿದೆ ಅಂತ. ಮಧ್ಯ 3 ಮಿ.ಮೀ. ಸಂದು ಕಂಡರೆ ಒಂದು ಮೂಲೆ 6 ಮಿ.ಮೀ. ಹೆಚ್ಚು ಕಡಿಮೆ ಇದೆ ಎಂದು ಲೆಕ್ಕ. ಆಮೇಲೆ ಯಾವ ಕಾಲು ನೆಲ ಬಿಟ್ಟಿದೆ ನೋಡಿ, ಸಂದು ಅಳೆಯಿರಿ. ಸ್ಟ್ಯಾಂಡನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಇಟ್ಟು ಮತ್ತೆ ನೋಡಿ. ಸಂದು ಅದೇ ಕಾಲಿನ ಜೊತೆ ಆಚೆ ಹೋದರೆ ತಪ್ಪು ಸ್ಟ್ಯಾಂಡಿನದು. ನೆಲದ ಅದೇ ಜಾಗದಲ್ಲೇ ಉಳಿದರೆ ತಪ್ಪು ನೆಲದ್ದು. ಕೊನೆಗೆ ಒಂದು ನಾಣ್ಯ ತೆಗೆದುಕೊಂಡು ಕಾಲು ಕೂರುವ ಜಾಗಗಳನ್ನೆಲ್ಲ ಬಡಿದು ಕೇಳಿ.

ತುಂಗಾಪಾನ

ಸರಿ ಸಾರ್, ಒಪ್ಪಿದೆ. ಆದರೆ ಥರ್ಮಾಕೋಲ್ ಹಾಕುವುದೇ ಓರೆ ಸರಿಮಾಡಲಿಕ್ಕೆ ಅಲ್ವಾ? ಇಲ್ಲದಿದ್ದರೆ ಯಾಕೆ ಹಾಕುವುದು?

ರಸಮಟ್ಟ

ಥರ್ಮಾಕೋಲ್ ಮರಳಿನ ಕಾಳು ನುಂಗುತ್ತದೆ, ವಾಟ ನುಂಗುವುದಿಲ್ಲ. ಗಾಜಿನ ಅಡಿಗೆ ಒಂದು ಕಲ್ಲಿನ ಚೂರು ಸಿಕ್ಕಿತು ಅಂತಿಟ್ಟುಕೊಳ್ಳಿ, ಅಷ್ಟು ಸಣ್ಣ ಜಾಗದಲ್ಲಿ ಭಾರ ಬಿದ್ದಾಗ ಥರ್ಮಾಕೋಲ್ ಅಲ್ಲಿ ತಗ್ಗಿ ಚೂರನ್ನು ಒಳಗೆ ತೆಗೆದುಕೊಳ್ಳುತ್ತದೆ. ಆದರೆ ಟ್ಯಾಂಕಿನ ಒಟ್ಟು ಭಾರ ಇಡೀ ಹಾಳೆಗೆ ಹಂಚಿ ಹೋದಾಗ ಅದು ಹೆಚ್ಚು ಕಡಿಮೆ ತಗ್ಗುವುದೇ ಇಲ್ಲ. ಹಾಗಾಗಿ 6 ಮಿ.ಮೀ. ತಿರುಚನ್ನು ಅದು ಸರಿ ಮಾಡಲಾರದು. ಒಂದು ಕಡೆ ಎರಡು ಪದರ ಹಾಕಿದರೆ ಇನ್ನೂ ಕೆಟ್ಟದ್ದು, ಒಂದು ಪದರ ಮುಗಿದು ಎರಡನೆಯದು ಶುರುವಾಗುವ ಅಂಚಿನಲ್ಲಿ ಗಾಜಿಗೆ ಮೆಟ್ಟಿಲು ಕೊಟ್ಟ ಹಾಗಾಯಿತು. ನಿಮ್ಮದು ಚಿಕ್ಕ ಟ್ಯಾಂಕು, ಬಚಾವಾಗಿದ್ದೀರಿ. ಬಿಡುವಾದಾಗ ತೆಗೆದು ಸರಿಮಾಡಿ.

ಇನ್ನೊಂದು, ಸುತ್ತ ಪ್ಲಾಸ್ಟಿಕ್ ಚೌಕಟ್ಟು ಬರುವ ಕಂಪನಿ ಟ್ಯಾಂಕುಗಳಿರುತ್ತವಲ್ಲ, ಅವುಗಳಲ್ಲಿ ತಳದ ಗಾಜು ಚೌಕಟ್ಟಿನೊಳಗೆ ಸ್ವಲ್ಪ ಮೇಲೆ ಕೂತಿರುತ್ತದೆ, ಭಾರವೆಲ್ಲ ಅಂಚಿಗೆ. ಅದರ ಅಡಿಗೆ ಥರ್ಮಾಕೋಲ್ ಹಾಕಬಾರದು, ಮಧ್ಯದಲ್ಲಿ ಉಬ್ಬಿ ಗಾಜನ್ನೇ ಒತ್ತುತ್ತದೆ. ನಮ್ಮ ಊರಿನ ಅಂಗಡಿಯಲ್ಲಿ ಸಿಲಿಕೋನ್ ಹಾಕಿ ಮಾಡುವ ಚಪ್ಪಟೆ ತಳದ ಟ್ಯಾಂಕಿಗೆ ಹಾಕಲೇಬೇಕು.

ಉಪ್ಪರಿಗೆವಾಸಿ

ಥರ್ಮಾಕೋಲ್ ಹಾಕದಿದ್ದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಆಗ ನಾವು ಶಿವಮೊಗ್ಗ ವಿನೋಬನಗರದಲ್ಲಿ ಮಹಡಿ ಮೇಲೆ ಬಾಡಿಗೆಗೆ ಇದ್ದೆವು. 4 ಅಡಿ ಟ್ಯಾಂಕು. ಸ್ಟ್ಯಾಂಡು ಹೊಸದು, ಲೆವೆಲ್ ಕೂಡ ಸರಿಯಾಗಿಯೇ ಇತ್ತು. ಪ್ಲೈವುಡ್ ಹಾಕಿದೆ, ಥರ್ಮಾಕೋಲ್ ಹಾಕಿದರೆ ಅಂಚಿನಲ್ಲಿ ಬಿಳಿ ಕಂಡು ಚೆಂದ ಕಾಣುವುದಿಲ್ಲ ಅಂತ ಬಿಟ್ಟೆ. ಮೂರು ತಿಂಗಳು ಏನೂ ಇಲ್ಲ. ಆಷಾಢದ ಮಳೆ, ರಾತ್ರಿ ಎರಡೂವರೆ, ಟಕ್ ಅಂತ ಒಂದೇ ಒಂದು ಶಬ್ದ. ಬೆಕ್ಕು ಪಾತ್ರೆ ಬೀಳಿಸಿತು ಅಂದುಕೊಂಡು ಮಗ್ಗುಲಾದೆ. ಕಾಲು ಕೆಳಗಿಟ್ಟಾಗ ನೀರು!

ತಳದ ಗಾಜು ಒಂದು ಬದಿಯಿಂದ ಇನ್ನೊಂದು ಬದಿಗೆ ಸೀಳಿತ್ತು. 200 ಲೀಟರಿಗೂ ಹೆಚ್ಚು ನೀರು, ಅರ್ಧ ನಮ್ಮ ಹಾಲಿನಲ್ಲಿ, ಅರ್ಧ ಸ್ಲ್ಯಾಬಿನ ಲೈಟ್ ಪಾಯಿಂಟ್ ತೂತಿನಿಂದ ಕೆಳಗಿನ ಮನೆಯ ಓನರ್ ಟಿವಿ ಮೇಲೆ. ಆ ಗಡಿಬಿಡಿಯಲ್ಲೂ ನನ್ನ ಹೆಂಡತಿ ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿದ್ದು. ಮೋಟಾರಿನ ಎಕ್ಸ್‌ಟೆನ್ಶನ್ ಬಾಕ್ಸು ನೆಲದ ಮೇಲೇ ಬಿದ್ದಿತ್ತು. ಮೀನುಗಳನ್ನು ಬಚ್ಚಲ ಹಂಡೆಗೆ ಹಾಕಿದೆವು. ಬೆಳಿಗ್ಗೆ ಟ್ಯಾಂಕು ಎತ್ತಿ ನೋಡಿದರೆ ಪ್ಲೈವುಡ್ ಮೇಲೆ ಕಡಲೆಬೇಳೆ ಗಾತ್ರದ ಒಂದು ಜಲ್ಲಿ ಚೂರು. ಸೀಳು ಶುರುವಾಗಿದ್ದು ಸರಿಯಾಗಿ ಅದರ ಮೇಲಿಂದ. ಟಿವಿ ದುಡ್ಡು ಕಟ್ಟಿದೆ, ಮನೆಯನ್ನೂ ಬಿಟ್ಟೆ.

ರಸಮಟ್ಟ ಅವರೇ, ಈಗ ಸ್ವಂತ ಮನೆ ಕಟ್ಟಿಸಿದ್ದೇನೆ, ಗೋಪಾಳದ ಕಡೆ. ಮೊದಲ ಮಹಡಿ ಹಾಲಿನಲ್ಲಿ ಇವರ ಹಾಗೇ 6 ಅಡಿಯದು ಇಡಬಹುದೇ? ಹಾಲು 12ಕ್ಕೆ 14.

ರಸಮಟ್ಟ

ಕಡಲೆಬೇಳೆ ಗಾತ್ರದ ಚೂರಿಗೆ ಅಷ್ಟೆಲ್ಲ! ಪಾಪ.

ಮಹಡಿಯದು ಬೇರೆ ಲೆಕ್ಕ. ನಮ್ಮಲ್ಲಿ ವಾಸದ ಮನೆಯ ಸ್ಲ್ಯಾಬಿಗೆ ಐಎಸ್ 875 (ಕಟ್ಟಡದ ಭಾರ ಲೆಕ್ಕಹಾಕುವ ಭಾರತೀಯ ಮಾನದಂಡ) ಪ್ರಕಾರ ಹಿಡಿಯುವ ಬಳಕೆಯ ಭಾರ, ಅಂದರೆ ಜನ, ಸಾಮಾನಿನ ಭಾರ, ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ. ನಿಮ್ಮ ಟ್ಯಾಂಕು ತಾನು ಕೂತ ಜಾಗದಲ್ಲಿ ಚದರ ಮೀಟರಿಗೆ 800 ಕೆಜಿ ಹಾಕುತ್ತದೆ, ನಾಲ್ಕು ಪಟ್ಟು. ಇಡೀ ಹಾಲಿಗೆ ಲೆಕ್ಕ ಹಾಕಿದರೆ 3 ಟನ್ ತಡೆಯುತ್ತದಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಆ 3 ಟನ್ ಹಾಲಿನ ತುಂಬ ಹರಡಿದ್ದರೆ ಸರಿ. ಮದುವೆ ಮನೆಯ ಜನ ರಾತ್ರಿ ಎದ್ದು ಹೋಗುತ್ತಾರೆ, ಟ್ಯಾಂಕು ಹತ್ತು ವರ್ಷ ಎದ್ದು ಹೋಗುವುದಿಲ್ಲ, ಹಾಗೇ ಕೂತ ಭಾರಕ್ಕೆ ಕಾಂಕ್ರೀಟ್ ನಿಧಾನಕ್ಕೆ ಇನ್ನೂ ಸ್ವಲ್ಪ ಬಾಗುತ್ತದೆ.

ಹಾಗಂತ ಆಗುವುದೇ ಇಲ್ಲ ಅಂತಲ್ಲ. ಸ್ಲ್ಯಾಬನ್ನು ಹೊತ್ತ ಗೋಡೆಗೆ ಅಥವಾ ಬೀಮಿನ ಸಾಲಿಗೆ ಟ್ಯಾಂಕನ್ನು ಒತ್ತಿ ಇಟ್ಟರೆ ಭಾರ ಹೆಚ್ಚು ಪಾಲು ನೇರ ಅಲ್ಲಿಗೆ ಇಳಿಯುತ್ತದೆ. ಹಾಲಿನ ನಡುವೆ ಬೇಡ. ನಾಲ್ಕೂವರೆ ಇಂಚಿನ ಅಡ್ಡಗೋಡೆ ಇದ್ದರೆ ಅದನ್ನು ಆಸರೆ ಅಂತ ತಿಳಿಯಬೇಡಿ, ಅದೇ ಸ್ಲ್ಯಾಬಿನ ಮೇಲೆ ಕೂತಿರಬಹುದು. ಗೋಡೆಯಿಂದ ಆಚೆ ಚಾಚಿದ ಬಾಲ್ಕನಿಯಲ್ಲಂತೂ ಯೋಚನೆಯೂ ಬೇಡ. ಸ್ವಂತ ಮನೆ ಅಂದಿರಲ್ಲ, ಸ್ಲ್ಯಾಬಿನ ಕಂಬಿ ನಕ್ಷೆ ನಿಮ್ಮ ಎಂಜಿನಿಯರ್ ಹತ್ತಿರ ಇರುತ್ತದೆ. ಅದನ್ನು ಅವರ ಮುಂದಿಟ್ಟು ತೂಕ ಹೇಳಿ ಕೇಳಿ. ನಾನು ಇಲ್ಲಿ ಕೂತು ಆಗುತ್ತದೆ ಅನ್ನುವುದು ತಪ್ಪು.

ಹಳೇ ಮನೆಗಳ ಮರದ ಉಪ್ಪರಿಗೆ ಇದ್ದವರಿಗೂ ಒಂದು ಮಾತು. ಚಿಕ್ಕ ಟ್ಯಾಂಕು ಇಡುವುದಾದರೂ ಜಂತೆಗಳಿಗೆ ಅಡ್ಡಲಾಗಿ ಇಡಿ, ನಾಲ್ಕೈದು ಜಂತೆ ಭಾರ ಹಂಚಿಕೊಳ್ಳಲಿ. ಒಂದೇ ಜಂತೆಯ ಮೇಲೆ ಉದ್ದಕ್ಕೆ ಇಟ್ಟರೆ ಅದೊಂದೇ ಬಾಗುತ್ತದೆ. ಜಂತೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಗೆದ್ದಲು ಹಿಡಿದಿದೆಯಾ ನೋಡಿ. 6 ಅಡಿಯದು ಅಲ್ಲಿ ಬೇಡವೇ ಬೇಡ.

ಜಗಲಿಮೀನು

ನೀರು ತೆಗೆದೆ. ಟ್ಯಾಂಕು ಇಳಿಸಲು ಐದು ಜನ ಬೇಕಾಯಿತು. ಭಾವನೂ ಬಂದರು, ಬೆಣೆ ಬಿಟ್ಟು.

ಪರೀಕ್ಷೆ ಫಲಿತಾಂಶ. ದಾರ ಎಳೆದೆ, ಮಧ್ಯದಲ್ಲಿ ಸಂದು ಅರ್ಧ ಮಿ.ಮೀ. ಕೂಡ ಇಲ್ಲ. ಸ್ಟ್ಯಾಂಡು ಒಳ್ಳೆಯ ಕೈ ಮಾಡಿದ್ದು, ನೆಟ್ಟಗಿದೆ. ಆದರೆ ಮುಂದಿನ ಬಲಕಾಲು ನೆಲದಿಂದ 6 ಮಿ.ಮೀ. ಮೇಲೆ. ಹಿಂದುಮುಂದು ತಿರುಗಿಸಿದೆ, ಬೇರೆ ಕಾಲು ಬಂದರೂ ಅದೇ ಜಾಗದಲ್ಲಿ ಅದೇ ಸಂದು. ನೆಲದ್ದೇ ತಪ್ಪು.

ಆಮೇಲೆ ನಾಣ್ಯ. ಎಲ್ಲ ಕಡೆ ಟಣ್ ಟಣ್ ಅನ್ನುತ್ತದೆ, ಆ ಮೂಲೆಯಲ್ಲಿ ಮಾತ್ರ ಖಾಲಿ ಡಬ್ಬ ಬಡಿದ ಹಾಗೆ. ಸುಮಾರು ಒಂದೂವರೆ ಅಡಿ ಸುತ್ತಳತೆ ಹಾಗೇ ಕೇಳುತ್ತದೆ. ಅಮ್ಮ ತಕ್ಷಣ ಹೇಳಿದರು, ಹೆಗ್ಗಣ. ಹೋದ ವರ್ಷ ಕೊಟ್ಟಿಗೆ ಕಡೆಯಿಂದ ಬಿಲ ತೋಡಿಕೊಂಡು ಬಂದಿತ್ತಂತೆ, ಹೊರಗಿನ ಬಾಯಿ ಮುಚ್ಚಿಸಿದ್ದರು, ಒಳಗೆ ಎಷ್ಟು ದೂರ ಬಂದಿದೆ ಅಂತ ಯಾರೂ ನೋಡಲಿಲ್ಲ. 150 ಕೆಜಿ ಕೂರಬೇಕಾದ ಜಾಗ ಅದು!

ನೆಲ ಒಡೆದು ತುಂಬಿಸಲಾ? ಅಮ್ಮನಿಗೆ ಆ ನೆಲ ಅಂದರೆ ಜೀವ. ಎಣ್ಣೆ ಹಚ್ಚಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ.

ಗರಗಸ

ನಾನು ಮರ, ಕಬ್ಬಿಣ ಎರಡೂ ಕೆಲಸ ಮಾಡುವವನು, ಹೊಸನಗರ ಕಡೆ. ಅಣ್ಣ, ಕಾವಿ ನೆಲ ಒಡೆಯಬೇಡಿ. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಎಷ್ಟು ಉಜ್ಜಿದರೂ ಎದ್ದು ಕಾಣುತ್ತದೆ. ಟ್ಯಾಂಕು ಇಡುವ ಜಾಗವನ್ನೇ ಮೂರು ಅಡಿ ಎಡಕ್ಕೆ ಸರಿಸಿ, ಬಡಿದು ನೋಡಿ ಗಟ್ಟಿ ಇದ್ದರೆ ಅಲ್ಲೇ ಇಡಿ. ಬಿಲವನ್ನು ಮಳೆ ಮುಗಿದ ಮೇಲೆ ಹೊರಗಿನಿಂದ ನೋಡಿಕೊಂಡರಾಯಿತು.

ಜಾಗ ಬದಲಿಸಿದರೂ ವಾಟ ಇದ್ದೇ ಇರುತ್ತದೆ. ಅದಕ್ಕೆ ಕಾಲಿಗೆ ಬೋಲ್ಟು ಮಾಡಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಪ್ರತಿ ಕಾಲಿನ ತಳಕ್ಕೆ ಒಂದು ಪ್ಲೇಟು ಕೂರಿಸಿ ಅದಕ್ಕೆ 16 ಮಿ.ಮೀ. ನಟ್ಟು ಬೆಸೆಯಲಿ, ಅದರಲ್ಲಿ ಬೋಲ್ಟು. ಬೋಲ್ಟಿನ ತಲೆ ಕೂರಲು 6 ಇಂಚು ಚೌಕದ, 10 ಮಿ.ಮೀ. ದಪ್ಪದ ಪ್ಲೇಟು. 16ರ ಸಾಮಾನ್ಯ ಬೋಲ್ಟು ಒಂದು ಸುತ್ತು ತಿರುಗಿಸಿದರೆ 2 ಮಿ.ಮೀ. ಏರುತ್ತದೆ, ಕಾಲು ಸುತ್ತಿಗೆ ಅರ್ಧ ಮಿ.ಮೀ. ಬೆಣೆಯಲ್ಲಿ ಇಷ್ಟು ನಾಜೂಕು ಬರುವುದಿಲ್ಲ. ಬೋಲ್ಟು ತೀರಾ ಉದ್ದ ಹೊರಗೆ ಬಿಡಬೇಡಿ, ಒಂದು ಇಂಚಿನೊಳಗೇ ಇರಲಿ, ಜಾಸ್ತಿ ಆದರೆ ಸ್ಟ್ಯಾಂಡು ಅಲ್ಲಾಡುತ್ತದೆ. ಲಾಕ್ ನಟ್ಟು ಮರೆಯಬೇಡಿ.

ಗುಳ್ಳೆ ನೋಡಿ ಲೆವೆಲ್ ಹಿಡಿಯುವ ರಸಮಟ್ಟದ ಪಟ್ಟಿ ಒಂದು ಅಡಿಯದು ಇಟ್ಟುಕೊಂಡು 6 ಅಡಿ ಅಳೆಯಲು ಹೋಗಬೇಡಿ, ಸುಳ್ಳು ಹೇಳುತ್ತದೆ. ಗಾರೆಯವರ ಹತ್ತಿರ ಲೆವೆಲ್ ಪೈಪು ಇರುತ್ತದೆ, ಒಳಗೆ ಗಾಳಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ನಾಲ್ಕೂ ಮೂಲೆ ಹಿಡಿಯಿರಿ, ಅದಕ್ಕಿಂತ ಸರಿ ಯಾವುದೂ ಇಲ್ಲ. ಮೊದಲು ನಾಲ್ಕು ಮೂಲೆ ಲೆವೆಲ್ ಮಾಡಿ. ಮಧ್ಯದ ಎರಡು ಕಾಲಿನ ಬೋಲ್ಟು ಕೊನೆಗೆ, ಕೈಯಲ್ಲಿ ತಿರುಗಿಸಿ ನೆಲ ಮುಟ್ಟಿದ ಕೂಡಲೇ ನಿಲ್ಲಿಸಿ. ಪಾನೆ ಹಾಕಿ ಬಿಗಿದರೆ ಮಧ್ಯ ಎತ್ತಿಕೊಳ್ಳುತ್ತದೆ. ಪ್ರತಿ ಪ್ಲೇಟಿನ ಅಡಿಗೆ ಒಂದು ಕಾಗದದ ಚೂರು ಇಟ್ಟು ಎಳೆದು ನೋಡಿ, ಆರೂ ಕಡೆ ಸಿಕ್ಕಿಕೊಂಡರೆ ಆರೂ ಕಾಲು ಊರಿದೆ.

ಅಷ್ಟಾದ ಮೇಲೆ ಪ್ಲೇಟಿನ ಅಡಿ ನೆಲ ಉಬ್ಬುತಗ್ಗು ಇದ್ದರೆ, ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಒಂದಕ್ಕೆ ಮೂರು ಸಿಮೆಂಟು ಮರಳು ಗಟ್ಟಿಯಾಗಿ ಕಲಸಿ ತುಂಬಿ. ಒಂದು ವಾರ ನೀರು ಚಿಮುಕಿಸಿ. ಪ್ಲಾಸ್ಟಿಕ್ ಇರುವುದರಿಂದ ಮುಂದೆ ಎಬ್ಬಿಸಿದರೂ ಅಮ್ಮನ ನೆಲಕ್ಕೆ ಅಂಟುವುದಿಲ್ಲ. ಮೇಲಿನ ಪ್ಲೈವುಡ್ ಯಾವುದು ಹಾಕಿದ್ದೀರಿ?

ಜಗಲಿಮೀನು

ಸ್ಟ್ಯಾಂಡಿನ ಜೊತೆ ಬಂದದ್ದೇ. ಪದರ ಕಾಣುವುದಿಲ್ಲ, ಅಂಚಿನಲ್ಲಿ ಮರದ ಪುಡಿ ಒತ್ತಿದ ಹಾಗಿದೆ. ಒಂದು ಮೂಲೆ ಸ್ವಲ್ಪ ಊದಿದೆ.

ಗರಗಸ

ಅದು ಪ್ಲೈವುಡ್ಡೇ ಅಲ್ಲ ಮಾರಾಯ್ರೆ, ಪಾರ್ಟಿಕಲ್ ಬೋರ್ಡು! ನಮ್ಮ ಮಳೆಗಾಲದ ತೇವಕ್ಕೇ ಊದುತ್ತದೆ, ಅದರ ಮೇಲೆ ಟ್ಯಾಂಕಿನ ನೀರು ಬೇರೆ ಚೆಲ್ಲುತ್ತದೆ. ಒಲೆಗೂ ಹಾಕಬೇಡಿ, ಅಂಟಿನ ಹೊಗೆ. ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈವುಡ್ 18 ಅಥವಾ 19 ಮಿ.ಮೀ. ತನ್ನಿ. ಕತ್ತರಿಸಿದ ಅಂಚಿಗೆ ಪೇಂಟ್ ಎರಡು ಕೋಟ್, ನೀರು ಕುಡಿಯುವುದೇ ಅಂಚಿನಿಂದ.

ಸೀಗಡಿ_ಸಾಗರ

ಹಳೇ ಟ್ಯಾಂಕು ಅಂದಿರಲ್ಲ, ಕೆಳಗಿಳಿಸಿದ್ದು ಒಳ್ಳೆಯದೇ ಆಯಿತು. ಈಗಲೇ ಸಿಲಿಕೋನ್ ನೋಡಿಬಿಡಿ. ಮೂಲೆಗಳಲ್ಲಿ ಗಾಜು ಗಾಜಿನ ನಡುವೆ ಬಿಳಿ ಗುಳ್ಳೆ ಅಥವಾ ಬೆಳ್ಳಗೆ ಬಿಟ್ಟ ಗೆರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ತುಂಬಿಸುವಾಗ ಒಂದೇ ದಿನದಲ್ಲಿ ಬೇಡ. ಕಾಲು ಭಾಗ ತುಂಬಿಸಿ, ರಾತ್ರಿ ಕಳೆಯಲಿ, ಅಂಚಿನಿಂದ ನೀರಿಗೆ ನಾಲ್ಕೂ ಮೂಲೆ ಅಳೆದು ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಟ್ಯಾಂಕಿನ ನೀರೇ ಒಂದು ದೊಡ್ಡ ರಸಮಟ್ಟ. ವ್ಯತ್ಯಾಸ ಒಂದೇ ಸಮ ಉಳಿದರೆ ಸರಿ. ದಿನದಿಂದ ದಿನಕ್ಕೆ ಬೆಳೆದರೆ ನೆಲ ಕೂರುತ್ತಿದೆ ಅಂತ, ನಿಲ್ಲಿಸಿ. ನೀರು ಇರುವಾಗ ಬೋಲ್ಟು ಮುಟ್ಟಬೇಡಿ. ಸಣ್ಣದೇ ಇರಲಿ, ಪೂರ್ತಿ ತೆಗೆದೇ ತಿರುಗಿಸಿ.

ಜಗಲಿಮೀನು

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ನಡುವೆ ಮಳೆ, ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ.

ಟ್ಯಾಂಕು ಈಗ ಮೂರೂವರೆ ಅಡಿ ಎಡಕ್ಕೆ ಇದೆ, ಅಲ್ಲಿ ನೆಲ ಗಟ್ಟಿ. ಅಮ್ಮನ ಆರಾಮ ಕುರ್ಚಿ ಜಾಗ ಬಿಟ್ಟುಕೊಡಬೇಕಾಯಿತು, ಆ ಮಾತು ಇನ್ನೂ ಮುಗಿದಿಲ್ಲ. ತೀರ್ಥಹಳ್ಳಿಯಲ್ಲಿ ಬೋಲ್ಟು ಪ್ಲೇಟು ಹಾಕಿಸಿದೆ. ಗಾರೆ ಮೇಸ್ತ್ರಿಯ ಲೆವೆಲ್ ಪೈಪಿನಲ್ಲಿ ನಾಲ್ಕು ಮೂಲೆ ಹಿಡಿದೆವು, ಬಲ ಮೂಲೆಗಳನ್ನು ಎಡಕ್ಕಿಂತ 8 ಮಿ.ಮೀ. ಎತ್ತಬೇಕಾಯಿತು, ಅಂದರೆ ನಾಲ್ಕು ಸುತ್ತು. ಗರಗಸ ಹೇಳಿದ ಲೆಕ್ಕ ತಪ್ಪಲಿಲ್ಲ. ಕಾಗದದ ಪರೀಕ್ಷೆಯಲ್ಲಿ ಮಧ್ಯದ ಒಂದು ಕಾಲಿನ ಕಾಗದ ಸಲೀಸಾಗಿ ಬಂತು, ಇನ್ನು ಸ್ವಲ್ಪ ತಿರುಗಿಸಿದ ಮೇಲೆ ಸಿಕ್ಕಿಕೊಂಡಿತು. ಹೊಸ ಪ್ಲೈವುಡ್, ಅದರ ಮೇಲೆ ಬ್ರಷ್ಷಿನಲ್ಲಿ ಮೂರು ಸಲ ಗುಡಿಸಿ ಥರ್ಮಾಕೋಲ್ ಹಾಸಿದೆ, ಕಡಲೆಬೇಳೆ ಕಥೆ ಓದಿದ ಮೇಲೆ ಕೈ ಆಡಿಸಿಯೂ ನೋಡಿದೆ.

ತುಂಬಿಸಿದ್ದು ನಾಲ್ಕು ಕಂತಿನಲ್ಲಿ. ಕಾಲು ಭಾಗಕ್ಕೆ ವ್ಯತ್ಯಾಸ 1 ಮಿ.ಮೀ., ಪೂರ್ತಿ ತುಂಬಿದ ಮೇಲೆ ಒಂದೂವರೆ. ಎಂಟು ದಿನದಿಂದ ಅಷ್ಟೇ ಇದೆ. ಎಕ್ಸ್‌ಟೆನ್ಶನ್ ಬಾಕ್ಸನ್ನು ಗೋಡೆಗೆ ಎತ್ತರದಲ್ಲಿ ಹೊಡೆದೆ. ಮೋಟಾರ್ ವೈರು ಒಂದು ಸಲ ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವ ಹಾಗೆ ಬಿಟ್ಟಿದ್ದೇನೆ, ವೈರಿನ ಗುಂಟ ನೀರು ಬಂದರೂ ನೆಲಕ್ಕೆ ತೊಟ್ಟಿಕ್ಕಲಿ ಅಂತ.

ಆಸ್ಕರ್ ಮೂರನ್ನೂ ಮೊನ್ನೆ ಬಿಟ್ಟೆ. ಒಂದು ಪ್ರಶ್ನೆ ಉಳಿದಿದೆ. ಪ್ಲೇಟಿನ ಅಡಿ ಆಗಲೇ ತುಕ್ಕಿನ ಕೆಂಪು ಕಾಣುತ್ತಿದೆ, ನೆಲ ಬೆವರುತ್ತಿದೆಯಲ್ಲ ಈಗ. ಏನು ಹಚ್ಚಲಿ?

ಗರಗಸ

ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಲಿಲ್ವಾ ವೆಲ್ಡಿಂಗಿನವರ ಹತ್ತಿರ? ಹಾಕಿಸಬೇಕಿತ್ತು. ಈಗ ಪ್ಲೇಟಿನ ಸುತ್ತ, ಬೋಲ್ಟಿನ ಹಲ್ಲಿಗೆ ಗ್ರೀಸು ದಪ್ಪಗೆ ಮೆತ್ತಿ. ಪೇಂಟ್ ಮಾತು ಬೇಸಿಗೆಯಲ್ಲಿ ನೋಡೋಣ. ಫೋಟೋ ಹಾಕಿ, ಅಮ್ಮನ ನೆಲವೂ ಕಾಣುವ ಹಾಗೆ.